ಸೀಟು ಹಂಚಿಕೆ ಮುಗಿದ ಮೇಲೆ ಏನು? ಪ್ರಗತಿಪರ ಪಕ್ಷಗಳು ಯಾವಾಗ, ಯಾವುದರ ಬಗ್ಗೆ ಕೂತು ಮಾತಾಡಬೇಕು

ಹಾದಿಬದಿ

ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ಸ್ವಲ್ಪ ಉದ್ದ ಆಗುತ್ತೆ.

ಪ್ರಗತಿಪರ ಅಂತ ಹೇಳಿಕೊಳ್ಳುವ ಪಕ್ಷಗಳು ಒಟ್ಟಿಗೆ ಕೂರುವುದು ಚುನಾವಣೆ ಹತ್ತಿರ ಬಂದಾಗ ಮಾತ್ರ. ಆಗಲೂ ಮಾತೆಲ್ಲ ಯಾವ ಕ್ಷೇತ್ರ ಯಾರಿಗೆ ಅನ್ನುವುದರ ಸುತ್ತಲೇ ಸುತ್ತುತ್ತೆ. ಫಲಿತಾಂಶ ಬಂದ ಮಾರನೇ ದಿನ ಗೆದ್ದವರು ಖಾತೆ ಹಂಚಿಕೊಳ್ಳಲು ಹೋಗುತ್ತಾರೆ, ಸೋತವರು ಒಬ್ಬರನ್ನೊಬ್ಬರು ದೂರುತ್ತಾರೆ. ಆಮೇಲೆ ಮುಂದಿನ ಚುನಾವಣೆವರೆಗೆ ಯಾರೂ ಯಾರ ಬಾಗಿಲಿಗೂ ಹೋಗಲ್ಲ. ಕೂಲಿ, ಬಾಡಿಗೆ, ಆಸ್ಪತ್ರೆ ಬಿಲ್ಲು, ಓದಿ ಮನೆಯಲ್ಲಿ ಕೂತಿರುವ ಮಕ್ಕಳು. ಇವಕ್ಕೆಲ್ಲ ನಿಮ್ಮ ಹತ್ತಿರ ಏನು ಉತ್ತರ ಇದೆ ಅಂತ ಕೇಳಿದರೆ ಹಳೇ ಪ್ರಣಾಳಿಕೆಯ ಪುಟಗಳನ್ನೇ ಮತ್ತೆ ತಿರುವಿ ತೋರಿಸುತ್ತಾರೆ. 'ಅವರು ಬರಬಾರದು' ಅನ್ನುವುದಷ್ಟನ್ನೇ ಇಟ್ಟುಕೊಂಡು ಎಷ್ಟು ದಿನ ಓಟು ಕೇಳೋದು?

ನಾನು ಹೇಳಬೇಕು ಅಂತಿರುವುದು ಇಷ್ಟೇ. ಎದುರಾಳಿ ಒಬ್ಬನೇ ಅನ್ನುವ ಕಾರಣಕ್ಕೆ ಸೇರಿದ ಪಕ್ಷಗಳು ಹೆಚ್ಚು ದಿನ ಜೊತೆಗಿರಲ್ಲ. ಒಂದು ನಿರ್ದಿಷ್ಟ ಕೆಲಸ ಮಾಡಬೇಕು ಅಂತ ಬರೆದುಕೊಂಡು ಸೇರಿದವು ಏನಾದರೂ ಬಿಟ್ಟು ಹೋಗುತ್ತವೆ. ಜೊತೆಗಿದ್ದದ್ದು ನಾಲ್ಕೇ ವರ್ಷ ಆದರೂ ಸರಿ.

2004 ನೆನಪು ಮಾಡಿಕೊಳ್ಳಿ. ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎ ಮೈತ್ರಿ ಸರ್ಕಾರ ಬಂತು. ಎಡಪಕ್ಷಗಳು ಮಂತ್ರಿಗಿರಿ ತಗೊಳ್ಳಲಿಲ್ಲ, ಹೊರಗಿನಿಂದ ಬೆಂಬಲ ಕೊಟ್ಟವು. ಸಾಮಾನ್ಯ ಕನಿಷ್ಠ ಕಾರ್ಯಕ್ರಮ ಅಂತ ಒಂದು ದಾಖಲೆ ಸಿದ್ಧವಾಯಿತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ, ಅದೇ ವರ್ಷ ಗ್ರಾಮೀಣ ಉದ್ಯೋಗ ಖಾತ್ರಿ, 2006ರಲ್ಲಿ ಅರಣ್ಯ ಹಕ್ಕು. 2008ರ ಜುಲೈನಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದದ ವಿಷಯಕ್ಕೆ ಎಡಪಕ್ಷಗಳು ಬೆಂಬಲ ವಾಪಸ್ ತಗೊಂಡವು. ಮೈತ್ರಿ ಮುರಿಯಿತು, ಕಾಯ್ದೆಗಳು ಆಮೇಲೂ ಬಹಳ ವರ್ಷ ಉಳಿದವು.

ಈ ಕಾಯ್ದೆಗಳ ಯೋಚನೆ ಯಾವ ಪಕ್ಷದ ಕಚೇರಿಯಲ್ಲೂ ಹುಟ್ಟಿದ್ದಲ್ಲ. ಮಾಹಿತಿ ಹಕ್ಕನ್ನೇ ನೋಡಿ. ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್‌ನವರು 1994ರ ಕೊನೆಯಿಂದ ಜನಸುನ್ವಾಯಿ, ಅಂದರೆ ಊರವರ ಮುಂದೆ ಬಹಿರಂಗ ವಿಚಾರಣೆ, ಶುರು ಮಾಡಿದರು. ಪಂಚಾಯಿತಿ ಕಾಮಗಾರಿಯ ಹಾಜರಿ ಪಟ್ಟಿಯನ್ನು ಊರವರ ಮುಂದೆ ಗಟ್ಟಿಯಾಗಿ ಓದುವುದು, ಅಷ್ಟೇ ಕೆಲಸ. ಇಂಥವರು ಇಷ್ಟು ದಿನ ಕೆಲಸ ಮಾಡಿದ್ದಾರೆ, ಇಷ್ಟು ಕೂಲಿ ಕೊಡಲಾಗಿದೆ ಅಂತ ಓದುತ್ತಾ ಹೋದರೆ ಸತ್ತವರ ಹೆಸರು ಬರುತ್ತಿತ್ತು, ಊರು ಬಿಟ್ಟು ಹೋದವರ ಹೆಸರು ಬರುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದವರೇ ಎದ್ದು ನಿಂತು, ನಾನು ಆ ಕೆಲಸಕ್ಕೆ ಹೋಗೇ ಇಲ್ಲ ಅಂತ ಹೇಳುತ್ತಿದ್ದರು. ಆ ಪಟ್ಟಿಯ ನಕಲು ನಮಗೆ ಕೊಡಿ ಅಂತ 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತರು. ಅಲ್ಲಿಂದ ಶುರುವಾದ ಬೇಡಿಕೆ ಒಂಬತ್ತು ವರ್ಷ ಆದಮೇಲೆ ದೇಶದ ಕಾಯ್ದೆ ಆಯಿತು.

ಉದ್ಯೋಗ ಖಾತ್ರಿಯದ್ದೂ ಅಷ್ಟೇ. 1972ರ ಬರದ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಶುರುವಾದ ಯೋಜನೆ 1977ರಲ್ಲಿ ಆ ರಾಜ್ಯದ ಕಾಯ್ದೆ ಆಯಿತು. 2004ರ ಕೊನೆಗೆ ಕೇಂದ್ರದ ಮಸೂದೆ ಸಂಸದೀಯ ಸ್ಥಾಯಿ ಸಮಿತಿಗೆ ಹೋದಾಗ ಅದರ ಅಧ್ಯಕ್ಷರು ಬಿಜೆಪಿಯ ಕಲ್ಯಾಣ್ ಸಿಂಗ್. ಆ ಸಮಿತಿ ಮಸೂದೆಯನ್ನು ತೆಳು ಮಾಡಲಿಲ್ಲ, ಇನ್ನೂ ಜಾಸ್ತಿ ಜನಕ್ಕೆ ಸಿಗಬೇಕು ಅಂತ ಹೇಳಿತು. ಈಗ ಇದನ್ನು ಯಾರೂ ನೆನಪಿಸಿಕೊಳ್ಳಲ್ಲ.

ಹಾಗಾಗಿ ನನ್ನ ಪ್ರಶ್ನೆ: ಚುನಾವಣೆ ದೂರ ಇರುವಾಗಲೇ ಒಂದು ವಿಷಯ ಹಿಡಿದು, ಬೇರೆ ಬೇರೆ ಪಕ್ಷದವರು, ಪಕ್ಷವೇ ಇಲ್ಲದವರು ಕೂತು ಕರಡು ಬರೆಯುವ ಕೆಲಸ ನಮ್ಮಲ್ಲಿ ಯಾಕೆ ಆಗುತ್ತಿಲ್ಲ? ಹೇಗೆ ಆಗಬಹುದು?

ಬೆಳ್ಳಿಚುಕ್ಕಿ

ಹಾದಿಬದಿ ಸರ್, ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ 'ಎಲ್ಲ ಪಕ್ಷ ಒಪ್ಪಿದೆ' ಅನ್ನುವ ಮಾತು ಕೇಳಿದರೆ ನನಗೆ ಮೊದಲು ಭಯ ಆಗುತ್ತೆ. ಎಲ್ಲರೂ ಒಪ್ಪಿದ್ದಾರೆ ಅಂದರೆ ಯಾರಿಗೂ ಏನೂ ಖರ್ಚಾಗುತ್ತಿಲ್ಲ ಅಂತಲೇ ಅರ್ಥ ಇರಬಹುದು.

ಮಹಿಳಾ ಮೀಸಲಾತಿ ನೋಡಿ. ಮಸೂದೆ ಮೊದಲು ಬಂದದ್ದು 1996ರಲ್ಲಿ. ಹರಿದು ಹಾಕಿದರು, ಗದ್ದಲ ಮಾಡಿದರು, ಮುಂದೂಡಿದರು. 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಪರವಾಗಿ 454 ಓಟು, ವಿರುದ್ಧ 2. ರಾಜ್ಯಸಭೆಯಲ್ಲಿ ವಿರೋಧವೇ ಇಲ್ಲ. ಇಷ್ಟು ದೊಡ್ಡ ಒಮ್ಮತ ಹೇಗೆ ಬಂತು? ಜಾರಿಯನ್ನು ಮುಂದಿನ ಜನಗಣತಿ, ಅದಾದ ಮೇಲಿನ ಕ್ಷೇತ್ರ ಮರುವಿಂಗಡಣೆ ಜೊತೆ ಕಟ್ಟಿಹಾಕಿದರು. ಓಟು ಹಾಕಿದ ಯಾವ ಗಂಡಸೂ ಅವತ್ತೇ ತನ್ನ ಸೀಟು ಬಿಡಬೇಕಾಗಿರಲಿಲ್ಲ. ಹಿಂದುಳಿದ ವರ್ಗದ ಹೆಣ್ಣುಮಕ್ಕಳಿಗೆ ಒಳ ಮೀಸಲಾತಿ ಬೇಕು ಅನ್ನುವ ಬೇಡಿಕೆಯೂ ಅವತ್ತಿನ ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಇನ್ನೊಂದು. 2015ರ ಏಪ್ರಿಲ್‌ನಲ್ಲಿ ಡಿಎಂಕೆಯ ತಿರುಚ್ಚಿ ಶಿವ ಅವರ ಖಾಸಗಿ ಮಸೂದೆ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳದ್ದು, ರಾಜ್ಯಸಭೆಯಲ್ಲಿ ಸರ್ವಾನುಮತದಿಂದ ಪಾಸಾಯಿತು. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಯಾವ ಖಾಸಗಿ ಮಸೂದೆಗೂ ಹಾಗೆ ಆಗಿರಲಿಲ್ಲ. ಲೋಕಸಭೆಯಲ್ಲಿ ಅದು ಮುಂದಕ್ಕೆ ಹೋಗಲಿಲ್ಲ. ಸರ್ಕಾರ ತನ್ನದೇ ಬೇರೆ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು. ಗುರುತಿನ ಪತ್ರಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಹಾಕಬೇಕು ಅಂದಾಗ ಬೀದಿಗೆ ಇಳಿದದ್ದು ಯಾರಿಗಾಗಿ ಕಾಯ್ದೆ ಮಾಡಿದರೋ ಅವರೇ.

ಸಂವಾದ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಟೇಬಲ್ ಸುತ್ತ ಕೂರುವವರು ಯಾರು, ಯಾವುದನ್ನು ಬಿಟ್ಟುಕೊಡಲು ಆಗಲ್ಲ ಅನ್ನುವುದನ್ನು ಮೊದಲು ಹೇಳಿ. ರಾಜಿ ಅಂತ ಬಂದಾಗಲೆಲ್ಲ ಬಿಟ್ಟುಕೊಡಬೇಕಾಗಿ ಬರುವುದು ಯಾವಾಗಲೂ ದನಿ ಸಣ್ಣದಾಗಿರುವವರಿಗೇ.

ಎರಡನೇಸಾಲು

ಬೆಳ್ಳಿಚುಕ್ಕಿ ಅಕ್ಕ ಹೇಳಿದ ಭಯಕ್ಕೆ ಪೋರ್ಚುಗಲ್ ಕಥೆ ಸೇರಿಸುತ್ತೇನೆ. ನನಗೆ ಇದು ತುಂಬಾ ಮುಖ್ಯ ಅನಿಸುತ್ತೆ.

2015ರ ಅಕ್ಟೋಬರ್ ಚುನಾವಣೆಯಲ್ಲಿ ಅಲ್ಲಿನ ಸೋಷಲಿಸ್ಟ್ ಪಕ್ಷ ಎರಡನೇ ಸ್ಥಾನಕ್ಕೆ ಬಂತು. ಅದರ ನಾಯಕ ಅಂಟೋನಿಯೊ ಕೋಸ್ಟಾ. ಎಡ ಬ್ಲಾಕ್, ಕಮ್ಯುನಿಸ್ಟರು, ಗ್ರೀನ್ಸ್, ಈ ಮೂರೂ ಪಕ್ಷಗಳ ಜೊತೆ ಅವರು ಬೇರೆ ಬೇರೆಯಾಗಿ ಲಿಖಿತ ಒಪ್ಪಂದ ಮಾಡಿಕೊಂಡರು. ನಾಲ್ಕೂ ಜನ ಒಂದೇ ಕಾಗದಕ್ಕೆ ಸಹಿ ಹಾಕಲೇ ಇಲ್ಲ. ಯಾಕಂದರೆ ಕಮ್ಯುನಿಸ್ಟರಿಗೂ ಎಡ ಬ್ಲಾಕ್‌ಗೂ ಒಂದೇ ಕಾಗದದಲ್ಲಿ ಇರಲು ಇಷ್ಟವಿರಲಿಲ್ಲ. ಯೂರೋ, ನೇಟೋ ವಿಷಯದಲ್ಲಿ ಸೋಷಲಿಸ್ಟರಿಗೂ ಇವರಿಗೂ ಹೊಂದಿಕೆಯೇ ಇಲ್ಲ. ಅದನ್ನು ಪಕ್ಕಕ್ಕಿಟ್ಟರು. ಕಡಿತ ಮಾಡಿದ್ದ ಸಂಬಳ, ಪಿಂಚಣಿ ವಾಪಸ್ ಕೊಡುವುದು, ಕನಿಷ್ಠ ವೇತನ ಏರಿಸುವುದು, ಇಂಥ ಕೈಗೆ ಸಿಗುವ ವಿಷಯಗಳನ್ನು ಬರೆದುಕೊಂಡರು. ಮೂರೂ ಪಕ್ಷ ಮಂತ್ರಿಮಂಡಲದ ಹೊರಗೇ ಉಳಿದವು.

ನಾಲ್ಕು ವರ್ಷ ಪೂರ್ತಿ ಸರ್ಕಾರ ನಡೆಯಿತು. ತಿಂಗಳ ಕನಿಷ್ಠ ವೇತನ 505 ಯೂರೋದಿಂದ 600ಕ್ಕೆ ಹೋಯಿತು. ಜನರ ಕೈಗೆ ದುಡ್ಡು ಕೊಟ್ಟರೆ ಖಜಾನೆ ಬರಿದಾಗುತ್ತೆ ಅಂತ ಹೆದರಿಸಿದ್ದರು. ಆದರೆ 2019ರಲ್ಲಿ ಬಜೆಟ್ ಸ್ವಲ್ಪ ಉಳಿತಾಯವನ್ನೇ ತೋರಿಸಿತು.

2019ರ ಚುನಾವಣೆ ಆದಮೇಲೆ ಲಿಖಿತ ಒಪ್ಪಂದ ಮಾಡಿಕೊಳ್ಳಲಿಲ್ಲ. ಹೇಗೋ ನಡೆಯುತ್ತೆ ಅಂದುಕೊಂಡರು. 2021ರ ಅಕ್ಟೋಬರ್‌ನಲ್ಲಿ ಬಜೆಟ್‌ಗೆ ಎಡಪಕ್ಷಗಳೇ ವಿರುದ್ಧ ಓಟು ಹಾಕಿದವು, ಅವಧಿಗೆ ಮೊದಲೇ ಚುನಾವಣೆ ಬಂತು. 2022ರ ಜನವರಿಯಲ್ಲಿ ಸೋಷಲಿಸ್ಟರಿಗೆ ಒಂಟಿಯಾಗಿಯೇ ಬಹುಮತ. ಎಡ ಬ್ಲಾಕ್ 19ರಿಂದ 5ಕ್ಕೆ ಕುಸಿಯಿತು, ಕಮ್ಯುನಿಸ್ಟರ ಕೂಟ 12ರಿಂದ 6ಕ್ಕೆ.

ಸಣ್ಣ ಪಕ್ಷಗಳು ಮಾತುಕತೆಗೆ ಹೆದರುವುದು ಸುಮ್ಸುಮ್ನೆ ಅಲ್ಲ ಅಂತ ಹೇಳುವುದಕ್ಕೆ ಇದನ್ನು ಬರೆದೆ. ಒಳ್ಳೆಯದಾದರೆ ಹೆಸರು ದೊಡ್ಡವರಿಗೆ, ಮುರಿದರೆ ದೂರು ಚಿಕ್ಕವರಿಗೆ. ಇದಕ್ಕೆ ಪರಿಹಾರ ಹುಡುಕದೆ 'ಬನ್ನಿ ಕೂತು ಮಾತಾಡೋಣ' ಅಂದರೆ ಯಾರು ಬರುತ್ತಾರೆ?

ಮಸಿಕುಡಿಕೆ

ನಾನು ಶಾಸನಸಭೆಯ ಕೆಲಸಗಳನ್ನು ಹತ್ತಿರದಿಂದ ನೋಡಿದವನು. ನಿಯಮಗಳ ಕಡೆಯಿಂದ ಒಂದೆರಡು ಮಾತು.

ನಮ್ಮಲ್ಲಿ ಸದಸ್ಯ ಒಬ್ಬೊಬ್ಬನಾಗಿ ಬೇರೆ ಪಕ್ಷದ ಒಳ್ಳೆ ಮಸೂದೆಗೆ ಓಟು ಹಾಕುವುದು ಬಹಳ ಕಷ್ಟ. 1985ರಲ್ಲಿ 52ನೇ ತಿದ್ದುಪಡಿ ಮೂಲಕ ಪಕ್ಷಾಂತರ ನಿಷೇಧ ಬಂತು. ದುಡ್ಡು, ಮಂತ್ರಿಗಿರಿ ತೋರಿಸಿ ಶಾಸಕರನ್ನು ಎಳೆಯುವುದನ್ನು ತಡೆಯಲು ಅಂತ ತಂದರು. ಅದೇನೂ ನಿಂತಿಲ್ಲ, ನಿಮಗೆಲ್ಲ ಗೊತ್ತು. ಆದರೆ ವಿಪ್, ಅಂದರೆ ಹೀಗೇ ಓಟು ಹಾಕಿ ಅನ್ನುವ ಪಕ್ಷದ ಆದೇಶ, ಅದನ್ನು ಮೀರಿ ಓಟು ಹಾಕಿದರೆ ಸದಸ್ಯತ್ವ ಹೋಗುತ್ತೆ ಅನ್ನುವುದು ಮಾತ್ರ ಗಟ್ಟಿಯಾಗಿ ಕೂತಿದೆ. ಅದು ವಿಶ್ವಾಸಮತಕ್ಕೆ, ಬಜೆಟ್‌ಗೆ ಮಾತ್ರ ಸೀಮಿತವಾಗಿದ್ದರೆ ಸರಿ. ಎಲ್ಲ ಮಸೂದೆಗೂ ವಿಪ್ ಕೊಡಬಹುದು, ಕೊಡುತ್ತಾರೆ.

ವಿಪ್ ಇಲ್ಲದ ಜಾಗ ಒಂದಿದೆ, ಸ್ಥಾಯಿ ಸಮಿತಿ. ಇಲಾಖಾವಾರು ಸಮಿತಿಗಳು ಶುರುವಾದದ್ದು 1993ರಲ್ಲಿ. ಬಾಗಿಲು ಮುಚ್ಚಿ ನಡೆಯುತ್ತೆ, ಕ್ಯಾಮೆರಾ ಇಲ್ಲ, ಹೊರಗಿನ ತಜ್ಞರನ್ನು ಕರೆಯಬಹುದು, ಸಂಘ ಸಂಸ್ಥೆಗಳ ಮಾತು ಕೇಳಬಹುದು. ಕ್ಯಾಮೆರಾ ಮುಂದೆ ಕೂಗಾಡುವ ಸದಸ್ಯರೇ ಅಲ್ಲಿ ಕಲಮು ಕಲಮು ಓದಿ ತಿದ್ದುತ್ತಾರೆ. ಹಾದಿಬದಿಯವರು ಹೇಳಿದ ಕಲ್ಯಾಣ್ ಸಿಂಗ್ ಸಮಿತಿ ಇದೇ ತರಹದ್ದು. 15ನೇ ಲೋಕಸಭೆಯಲ್ಲಿ ಹತ್ತರಲ್ಲಿ ಏಳು ಮಸೂದೆ ಸಮಿತಿಗೆ ಹೋಗುತ್ತಿದ್ದವು. 17ನೇ ಲೋಕಸಭೆ ಹೊತ್ತಿಗೆ ಹತ್ತರಲ್ಲಿ ಎರಡೂ ಇಲ್ಲ. ಪಕ್ಷಗಳ ನಡುವೆ ಮಾತು ನಿಂತಿದೆ ಅಂತ ಬೇಜಾರು ಮಾಡಿಕೊಳ್ಳುವವರು ಮೊದಲು ಕೇಳಬೇಕಾದ್ದು ಇದನ್ನು. ರಾಜ್ಯಗಳಲ್ಲಂತೂ ಪರಿಸ್ಥಿತಿ ಇನ್ನೂ ಕೆಟ್ಟದಾಗಿದೆ, ಬೆಳಿಗ್ಗೆ ಮಂಡಿಸಿದ ಮಸೂದೆ ಸಂಜೆಗೆ ಪಾಸಾಗಿರುತ್ತೆ.

ಎರಡನೇಸಾಲು ಅವರ ಪ್ರಶ್ನೆಗೆ ಡೆನ್ಮಾರ್ಕ್‌ನಲ್ಲಿ ಒಂದು ಪದ್ಧತಿ ಇದೆ. ಅಲ್ಲಿ ಒಂಟಿ ಪಕ್ಷಕ್ಕೆ ಬಹುಮತ ಬರುವುದೇ ಇಲ್ಲ ಅನ್ನಬಹುದು. ಹಾಗಾಗಿ ಒಂದೊಂದು ವಿಷಯಕ್ಕೆ ಸರ್ಕಾರದ ಒಳಗಿನ, ಹೊರಗಿನ ಪಕ್ಷಗಳು ಸೇರಿ ಒಪ್ಪಂದ ಮಾಡಿಕೊಳ್ಳುತ್ತವೆ. ಸಹಿ ಹಾಕಿದ ಪಕ್ಷ ಚಿಕ್ಕದಿರಲಿ ದೊಡ್ಡದಿರಲಿ, ಅದರ ಒಪ್ಪಿಗೆ ಇಲ್ಲದೆ ಆ ಒಪ್ಪಂದವನ್ನು ನಡುವೆ ಬದಲಾಯಿಸುವಂತಿಲ್ಲ. ಇದು ಕಾನೂನಲ್ಲ, ನಡೆದುಬಂದ ಕಟ್ಟುಪಾಡು, ಆದರೂ ಪಾಲಿಸುತ್ತಾರೆ. 1990ಕ್ಕೆ ಹೋಲಿಸಿದರೆ 2030ರೊಳಗೆ ಹಸಿರುಮನೆ ಅನಿಲ ಉಗುಳುವುದನ್ನು ಶೇ 70 ಕಡಿಮೆ ಮಾಡಬೇಕು ಅನ್ನುವ 2020ರ ಹವಾಮಾನ ಕಾಯ್ದೆ ಬಂದದ್ದು ಹೀಗೆ, ಬಹುಪಾಲು ಪಕ್ಷಗಳ ಸಹಿಯೊಂದಿಗೆ. ಚಿಕ್ಕ ಪಕ್ಷಕ್ಕೆ ಅಲ್ಲಿ ಸಿಗುವುದು ಬರೀ ಹೆಸರಲ್ಲ, ತಡೆಯುವ ಅಧಿಕಾರ.

ನೇಗಿಲಗೆರೆ

ದೂರದ ದೇಶಗಳ ಮಾತು ಚೆನ್ನಾಗಿದೆ ಗುರುಗಳೇ, ಹತ್ತಿರದ್ದೂ ಸ್ವಲ್ಪ ನೋಡೋಣ.

1983ರಲ್ಲಿ ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರಕ್ಕೆ ಸ್ವಂತ ಬಹುಮತ ಇರಲಿಲ್ಲ. ಬಿಜೆಪಿ ಮತ್ತು ಎಡಪಕ್ಷಗಳು, ಒಂದಕ್ಕೊಂದು ಮುಖ ಕೊಡದವು, ಎರಡೂ ಹೊರಗಿನಿಂದ ಬೆಂಬಲ ಕೊಟ್ಟಿದ್ದವು. ಆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದವರು ಅಬ್ದುಲ್ ನಜೀರ್ ಸಾಬ್. ಕೊಳವೆಬಾವಿ ಕೊರೆಸಿ ನೀರು ಸಾಬ್ ಅನ್ನಿಸಿಕೊಂಡವರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗೆ ಅಧಿಕಾರ, ಹಣ, ನೌಕರರನ್ನು ಇಳಿಸಿದ ಕಾಯ್ದೆ ಅವರದ್ದು. 1987ರ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿತ್ತು. ಆಮೇಲೆ ಕೇಂದ್ರದಲ್ಲಿ ಕಾಂಗ್ರೆಸ್‌ನವರು 73ನೇ ತಿದ್ದುಪಡಿ ತಂದು 1993ರಿಂದ ಮೂರನೇ ಒಂದು ಭಾಗ ಮಾಡಿದರು. ಜನತಾ ಪಕ್ಷ ಚೂರುಚೂರಾಗಿ ಹೋಯಿತು, ಅವರು ತಂದ ವ್ಯವಸ್ಥೆ ಎದುರಾಳಿಗಳ ಕೈಯಲ್ಲಿ ಇನ್ನೂ ದೊಡ್ಡದಾಯಿತು.

ಕೇರಳವೂ ಹಾಗೇ. 1996ರಲ್ಲಿ ಎಡರಂಗ ಸರ್ಕಾರ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟು, ಏನು ಮಾಡಬೇಕು ಅಂತ ಗ್ರಾಮಸಭೆಯೇ ಹೇಳಲಿ ಅಂತ ಬಿಟ್ಟಿತು. 2001ರಲ್ಲಿ ಕಾಂಗ್ರೆಸ್ ನೇತೃತ್ವದ ಐಕ್ಯರಂಗ ಬಂದಾಗ ಹೆಸರು ಬದಲಾಯಿಸಿತು, ಕಿತ್ತು ಹಾಕಲಿಲ್ಲ. ಯಾಕೆ ಕೀಳಲು ಆಗಲಿಲ್ಲ? ಅವರದೇ ಪಕ್ಷದ ಪಂಚಾಯಿತಿ ಅಧ್ಯಕ್ಷರು, ಸದಸ್ಯರು ಆ ಹಣದ ರುಚಿ, ಆ ಕೆಲಸದ ರುಚಿ ನೋಡಿಯಾಗಿತ್ತು. ಬಿಟ್ಟುಕೊಡುತ್ತಾರಾ?

ನನಗೆ ಇದರಿಂದ ಅರ್ಥವಾಗಿದ್ದು, ಪಕ್ಷಗಳ ನಡುವೆ ಸೇತುವೆ ಕಟ್ಟುವುದು ದೆಹಲಿಯಲ್ಲಿ ನಾಯಕರು ಕೈ ಹಿಡಿದು ಮೇಲೆತ್ತಿ ಫೋಟೋ ತೆಗೆಸಿಕೊಳ್ಳುವುದರಿಂದ ಆಗಲ್ಲ. ಕೆಳಗೆ ಎಲ್ಲ ಪಕ್ಷದ ಚುನಾಯಿತರಿಗೂ ಮಾಡಲು ಕೆಲಸ, ಖರ್ಚು ಮಾಡಲು ಹಣ, ಹೇಳಿಕೊಳ್ಳಲು ಹೆಸರು ಸಿಗುವ ಹಾಗೆ ಯೋಜನೆಯನ್ನೇ ಕಟ್ಟಬೇಕು. ಹೆಸರಿನ ಜಗಳಕ್ಕೆ ಅದೇ ಮದ್ದು.

ಉತ್ತರಾಯಣ

ಪಕ್ಷಗಳ ಮೇಲೆ ನಂಬಿಕೆಯೇ ಹೋಗಿರುವವರು ಏನು ಮಾಡಬೇಕು? ನನ್ನ ವಯಸ್ಸಿನವರಲ್ಲಿ ಜಾಸ್ತಿ ಜನ ಹಾಗೇ ಇದ್ದೇವೆ. ಸಂವಾದ ಅಂದರೆ ಮತ್ತೆ ಅದೇ ಮುಖಗಳು ಅದೇ ವೇದಿಕೆ, ಅಲ್ವಾ?

ಐರ್ಲೆಂಡ್ ಬಗ್ಗೆ ಓದಿದಾಗ ನನಗೆ ನಿಜವಾಗಿ ಆಸೆ ಹುಟ್ಟಿತು. 2012ರಲ್ಲಿ ಅವರು ಸಂವಿಧಾನ ಸಮಾವೇಶ ಅಂತ ಮಾಡಿದರು. ಒಟ್ಟು 100 ಜನ, ಅದರಲ್ಲಿ 66 ಜನ ಸಾಮಾನ್ಯ ನಾಗರಿಕರು, ಚೀಟಿ ಎತ್ತಿದ ಹಾಗೆ ಆರಿಸಿದವರು. 33 ಜನ ಎಲ್ಲ ಪಕ್ಷಗಳ ರಾಜಕಾರಣಿಗಳು, ಒಬ್ಬರು ಅಧ್ಯಕ್ಷರು. ಸಲಿಂಗ ಮದುವೆಗೆ ಅವಕಾಶ ಕೊಡಬೇಕು ಅಂತ ಅಲ್ಲಿ ಶೇ 79 ಜನ ಹೇಳಿದರು. 2015ರ ಜನಮತದಲ್ಲಿ ಶೇ 62 ಜನ ಒಪ್ಪಿದರು.

ಆಮೇಲೆ 2016ರಲ್ಲಿ ನಾಗರಿಕರ ಸಭೆ. ಈ ಸಲ ರಾಜಕಾರಣಿಗಳೇ ಇಲ್ಲ, 99 ನಾಗರಿಕರು, ಅಧ್ಯಕ್ಷತೆಗೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಮೇರಿ ಲಾಫಾಯ್. ವಿಷಯ ಗರ್ಭಪಾತ. ಅಂಥ ಕ್ಯಾಥೊಲಿಕ್ ದೇಶದಲ್ಲಿ ಯಾವ ಪಕ್ಷವೂ ಮುಟ್ಟಲು ಹೆದರುತ್ತಿದ್ದ ವಿಷಯ. ವಾರಾಂತ್ಯಗಳಲ್ಲಿ ಒಂದು ಹೋಟೆಲಿನಲ್ಲಿ ಸೇರುತ್ತಿದ್ದರು. ದುಂಡು ಮೇಜುಗಳು, ಪ್ರತಿ ಮೇಜಿಗೂ ಮಾತು ನಡೆಸಲು ಒಬ್ಬರು, ಬರೆದುಕೊಳ್ಳಲು ಒಬ್ಬರು. ಮೊದಲು ವೈದ್ಯರು, ವಕೀಲರು ಮಾತಾಡುತ್ತಾರೆ. ಪರ ಇರುವವರು, ವಿರುದ್ಧ ಇರುವವರು ಇಬ್ಬರೂ ಬರುತ್ತಾರೆ. ಈ ಸ್ಥಿತಿಯನ್ನು ಹಾದು ಬಂದ ಹೆಂಗಸರ ಮಾತು ಕೇಳಿಸುತ್ತಾರೆ. ಆಮೇಲೆ ಮೇಜಿನ ಸುತ್ತ ಕೂತು ಮಾತು. ಯಾರೂ ಮೈಕು ಕಿತ್ತುಕೊಳ್ಳಲ್ಲ, ಯಾರಿಗೂ ಮುಂದಿನ ಟಿಕೆಟ್ ಚಿಂತೆ ಇಲ್ಲ. ಈ ಒಂದೇ ವಿಷಯಕ್ಕೆ ಐದು ವಾರಾಂತ್ಯ ಕೊಟ್ಟರು. ಕೊನೆಗೆ ಶೇ 64 ಜನ, ಕಾರಣ ಕೇಳದೆ ಅವಕಾಶ ಕೊಡಬೇಕು ಅಂದರು. ಸಂಸತ್ತಿನ ಎಲ್ಲ ಪಕ್ಷಗಳ ಸಮಿತಿ ಅದನ್ನು ಮತ್ತೆ ಪರಿಶೀಲಿಸಿತು. 2018ರ ಮೇ 25ರ ಜನಮತದಲ್ಲಿ ನಿಷೇಧ ತೆಗೆಯುವುದಕ್ಕೆ ಶೇ 66 ಜನರ ಒಪ್ಪಿಗೆ. ಎರಡೂ ದೊಡ್ಡ ಪಕ್ಷಗಳ ನಾಯಕರು ಪರವಾಗಿ ನಿಂತರು, ಒಂದು ಪಕ್ಷದಲ್ಲಂತೂ ಅರ್ಧಕ್ಕಿಂತ ಹೆಚ್ಚು ಸಂಸದರು ವಿರುದ್ಧ ಇದ್ದರೂ ಕೂಡ.

ರಾಜಕಾರಣಿಗಳಿಗೆ ಧೈರ್ಯ ಇಲ್ಲದಿದ್ದಾಗ ಜನರೇ ದಾರಿ ತೋರಿಸಿ ಧೈರ್ಯ ಕೊಡಬಹುದು ಅಂತ ಇದನ್ನು ನೋಡಿ ಅನಿಸಿತು.

ಬೆಳ್ಳಿಚುಕ್ಕಿ

ಉತ್ತರಾಯಣ, ಇದು ನನಗೂ ಇಷ್ಟವಾಯಿತು. ಆದರೆ ಚೀಟಿ ಎತ್ತುವಾಗ ಕೂಲಿಗೆ ಹೋಗುವವಳ ಹೆಸರು ಬಂದರೆ ಅವಳು ಐದು ವಾರಾಂತ್ಯ ಬರುತ್ತಾಳಾ? ದಿನದ ಕೂಲಿ, ಮಗು ನೋಡಿಕೊಳ್ಳುವ ಏರ್ಪಾಡು, ಅವಳ ಭಾಷೆಯಲ್ಲೇ ದಾಖಲೆ, ಇಷ್ಟು ಇಲ್ಲದಿದ್ದರೆ ಕೊನೆಗೆ ಉಳಿಯುವುದು ಬಿಡುವಿರುವ ಜನ ಮಾತ್ರ. ಜಾತಿ ಇರುವ ಸಮಾಜದಲ್ಲಿ ದುಂಡು ಮೇಜು ತಂದಿಟ್ಟ ಮಾತ್ರಕ್ಕೆ ಎಲ್ಲರ ಮಾತಿಗೂ ಒಂದೇ ತೂಕ ಬರಲ್ಲ. ಇದನ್ನು ಮೊದಲೇ ಯೋಚಿಸಿ ಮಾಡಿದರೆ ನಾನು ಪೂರ್ತಿ ಜೊತೆಗಿರುತ್ತೇನೆ.

ಹಾದಿಬದಿ

ಎಲ್ಲರ ಮಾತೂ ಓದಿದೆ. ಬೆಳ್ಳಿಚುಕ್ಕಿ ಮೇಡಂ ಎತ್ತಿದ ಎರಡು ಮಾತು, ಖರ್ಚು ಯಾರದ್ದು ಮತ್ತು ಮೇಜಿನ ಹತ್ತಿರ ಯಾರಿದ್ದಾರೆ, ಇವೆರಡಕ್ಕೆ ಉತ್ತರ ಇಲ್ಲದೆ ಮುಂದೆ ಹೋಗಬಾರದು ಅಂತ ನನಗೂ ಅನಿಸುತ್ತೆ.

ಬರೀ ಪದ್ಧತಿಯ ಮಾತಾಡಿದರೆ ಸಾಲದು, ಒಂದು ವಿಷಯ ಹಿಡಿಯೋಣ. ನನ್ನ ಆಯ್ಕೆ ನಗರದಲ್ಲಿ ಕೆಲಸದ ಖಾತ್ರಿ. ಕಾರಣ ಹೇಳುತ್ತೇನೆ.

2004ರ ಆ ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲಿ 100 ದಿನದ ಕೆಲಸದ ಭರವಸೆ ಹಳ್ಳಿಗೆ ಮಾತ್ರ ಇರಲಿಲ್ಲ. ನಗರದ ಬಡ ಮತ್ತು ಕೆಳ ಮಧ್ಯಮ ವರ್ಗದ ಮನೆಗಳೂ ಅದರಲ್ಲಿ ಇದ್ದವು. ಕಾಯ್ದೆ ಆಗುವಾಗ ನಗರ ಬಿಟ್ಟುಹೋಯಿತು. ಆ ಮಾತು ಹಾಗೇ ಬಾಕಿ ಇದೆ.

ಈಗ ನೋಡಿ, ಯಾರ್‍ಯಾರು ಇದನ್ನು ಮಾಡಲು ನೋಡಿದ್ದಾರೆ. ಕೇರಳದ ಎಡರಂಗ 2010ರಲ್ಲಿ, ದಲಿತ ಸಮಾಜ ಸುಧಾರಕ ಅಯ್ಯಂಕಾಳಿ ಹೆಸರಿನಲ್ಲಿ. 2020ರಲ್ಲಿ ಲಾಕ್‌ಡೌನ್ ಆಗಿ ನಗರಗಳಲ್ಲಿ ಕೂಲಿ ನಿಂತಾಗ ಹಿಮಾಚಲದಲ್ಲಿ ಬಿಜೆಪಿ ಸರ್ಕಾರ 120 ದಿನ ಅಂತ ಶುರು ಮಾಡಿತು. ಅದೇ ವರ್ಷ ಜಾರ್ಖಂಡ್‌ನಲ್ಲಿ ಜೆಎಂಎಂ ಮೈತ್ರಿ 100 ದಿನ ಅಂತ, ಒಡಿಶಾದಲ್ಲಿ ಬಿಜೆಡಿ ಇಂಥದ್ದೇ ಒಂದು. 2022ರಲ್ಲಿ ರಾಜಸ್ಥಾನದ ಕಾಂಗ್ರೆಸ್. ಇಷ್ಟು ಪಕ್ಷಗಳು ಒಬ್ಬರನ್ನೊಬ್ಬರು ಕೇಳದೆ ಹೆಚ್ಚು ಕಡಿಮೆ ಒಂದೇ ಕೆಲಸ ಮಾಡಿವೆ. ಇವರನ್ನು ಒಂದು ಕೋಣೆಯಲ್ಲಿ ಕೂರಿಸಿ, ನಿಮ್ಮಲ್ಲಿ ಏನು ಕೆಲಸ ಕೊಟ್ಟಿರಿ, ಎಷ್ಟು ಜನ ಹೆಂಗಸರು ಬಂದರು, ಕೂಲಿ ಎಷ್ಟು ದಿನಕ್ಕೆ ಕೈಗೆ ಬಂತು, ಯಾಕೆ ಸೊರಗಿತು ಅಂತ ಕೇಳಬೇಕು. ಸಂವಾದ ಅಂದರೆ ನನ್ನ ತಲೆಯಲ್ಲಿ ಇರುವುದು ಇದೇ. ಸಿದ್ಧಾಂತ ಒಂದೇ ಆಗಬೇಕಿಲ್ಲ, ಲೆಕ್ಕ ಬಿಚ್ಚಿಟ್ಟರೆ ಸಾಕು.

ಮಸಿಕುಡಿಕೆ

ಇವುಗಳಲ್ಲಿ ಹೆಚ್ಚಿನವು ಆದೇಶದ ಮೇಲೆ ನಡೆದ ಯೋಜನೆಗಳು, ಕಾಯ್ದೆಗಳಲ್ಲ. ರಾಜಸ್ಥಾನ 2023ರಲ್ಲಿ ನಗರ ಹಳ್ಳಿ ಎರಡಕ್ಕೂ ಸೇರಿಸಿ 125 ದಿನಕ್ಕೆ ಕಾಯ್ದೆ ಮಾಡಿತು. ಯೋಜನೆ ಆದರೆ ಬಜೆಟ್‌ನಲ್ಲಿ ಹಣ ಇಡದೆ ಸುಮ್ನೆ ಸಾಯಿಸಬಹುದು. 2005ರ ಕಾಯ್ದೆಯಲ್ಲಿ ಹಲ್ಲು ಇದ್ದದ್ದು ಎಲ್ಲಿ? ಕೆಲಸ ಕೇಳಿ 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ, ಮೂರನೇ ಒಂದು ಭಾಗ ಹೆಂಗಸರಿಗೆ, ಗ್ರಾಮಸಭೆಯಿಂದ ಸಾಮಾಜಿಕ ಲೆಕ್ಕ ತಪಾಸಣೆ. ಆ ತಪಾಸಣೆ ಬ್ಯಾವರ್ ಕಡೆಯವರ ಜನಸುನ್ವಾಯಿಯಿಂದಲೇ ಬಂದದ್ದು. ನಗರದ ಕರಡಿನಲ್ಲಿ ಈ ಮೂರೂ ಇರಬೇಕು, ಗ್ರಾಮಸಭೆಯ ಜಾಗದಲ್ಲಿ ವಾರ್ಡ್ ಸಭೆ.

ಎರಡನೇಸಾಲು

ಕೆಲಸ ಅಂದರೆ ಗುಂಡಿ ತೋಡುವುದು ಮಾತ್ರ ಬೇಡ. ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು, ವಯಸ್ಸಾದವರ ಆರೈಕೆ, ಕೆರೆ, ಉದ್ಯಾನ, ಸರ್ಕಾರಿ ಶಾಲೆ ಕಟ್ಟಡಗಳ ರಿಪೇರಿ, ಡಿಗ್ರಿ ಮುಗಿಸಿದವರಿಗೆ ಗ್ರಂಥಾಲಯ, ದಾಖಲೆ ಕೆಲಸ. ಇಲ್ಲೇ ಒಂದು ಅಪಾಯವೂ ಇದೆ. ಖಾಯಂ ಪೌರಕಾರ್ಮಿಕರ ಜಾಗಕ್ಕೆ 100 ದಿನದ ಕೂಲಿಯವರನ್ನು ತಂದು ಕೂರಿಸುವ ನಗರಸಭೆಗಳು ಖಂಡಿತ ಹುಟ್ಟಿಕೊಳ್ಳುತ್ತವೆ. ಈಗ ಇರುವ ಹುದ್ದೆಯ ಕೆಲಸವನ್ನು ಇದರಲ್ಲಿ ಮಾಡಿಸುವಂತಿಲ್ಲ ಅಂತ ಒಂದು ಕಲಮು ಬೇಕೇ ಬೇಕು. ಕಾರ್ಮಿಕ ಸಂಘಗಳು ಮೊದಲ ದಿನದಿಂದಲೇ ಇದ್ದರೆ ಈ ಜಗಳ ಬೀದಿಗೆ ಬರುವ ಬದಲು ಕರಡಿನಲ್ಲೇ ಮುಗಿಯುತ್ತೆ.

ಡೆಲಿವರಿ ಹುಡುಗರ ವಿಷಯದಲ್ಲಿ ಹೀಗೇ ಆಗಿದೆ. 2023ರಲ್ಲಿ ರಾಜಸ್ಥಾನ ಮೊದಲ ಕಾಯ್ದೆ ಮಾಡಿತು, 2025ರಲ್ಲಿ ಕರ್ನಾಟಕ ಮಾಡಿತು. ಕಂಪನಿಗಳಿಂದ ಪ್ರತಿ ವ್ಯವಹಾರದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಅಂತ ಇಲ್ಲಿ ಬರೆದಿದ್ದಾರೆ. ಎರಡೂ ಕಡೆ ಸಂಘದವರು ಕರಡಿನ ಹಿಂದೆ ಬಿದ್ದು ಕೆಲಸ ಮಾಡಿದ್ದರು. ಹೊಸ ಯೋಚನೆ ಬರುವುದು ಇಂಥ ಕಡೆಯಿಂದ.

ನೇಗಿಲಗೆರೆ

ಮೊದಲು ಒಂದೇ ನಗರಸಭೆ ಹಿಡಿಯಿರಿ, ಚಿಕ್ಕದು. ಅಲ್ಲಿ ಎಲ್ಲ ಪಕ್ಷದ ಕೌನ್ಸಿಲರ್‌ಗಳೂ ಇರುತ್ತಾರೆ. ಪ್ರತಿ ವಾರ್ಡಿಗೂ ಹಣ ಬರುತ್ತೆ ಅಂದರೆ ಮಾತುಕತೆಗೆ ಅವರನ್ನು ಕರೆಯಬೇಕಾಗಿಲ್ಲ, ಅವರೇ ಬರುತ್ತಾರೆ. ಕಾಮಗಾರಿ ಫಲಕದಲ್ಲಿ ಆ ವಾರ್ಡಿನ ಸದಸ್ಯರ ಹೆಸರು ಇರಲಿ, ಯಾವ ಪಕ್ಷವಾದರೂ ಸರಿ. ಕೂಲಿಗಾರರ ಹೆಸರು, ದಿನ, ಕೊಟ್ಟ ಹಣವೂ ಅದೇ ಫಲಕದಲ್ಲಿ ಇರಲಿ.

ಬೆಳ್ಳಿಚುಕ್ಕಿ

ನೇಗಿಲಗೆರೆ ಅಣ್ಣನ ಫಲಕ ಒಪ್ಪಿದೆ. ನನ್ನದು ಎರಡು ಷರತ್ತು. ಹಣ ಎಲ್ಲಿಂದ ಬರುತ್ತೆ, ಕೇಂದ್ರ ಎಷ್ಟು, ರಾಜ್ಯ ಎಷ್ಟು, ನಗರಸಭೆ ಎಷ್ಟು, ಇದು ಕರಡಿನ ಮೊದಲ ಪುಟದಲ್ಲೇ ಇರಬೇಕು, ಕೊನೆಯ ಅನುಬಂಧದಲ್ಲಿ ಅಲ್ಲ. ಜಾರಿಯ ದಿನಾಂಕವೂ ಅಲ್ಲೇ ಇರಬೇಕು. ಇನ್ನೊಂದು, ಕರಡು ಬರೆಯುವವರಲ್ಲಿ ಅರ್ಧದಷ್ಟು ಜನ ಈ ಕೆಲಸ ಕೇಳಿಕೊಂಡು ಬರುವವರೇ ಆಗಿರಬೇಕು, ಅವರಿಗೆ ಅವತ್ತಿನ ಕೂಲಿ ಕೊಡಬೇಕು. ಮನೆಗೆಲಸದವರ ಸಂಘದ ಕೆಲವರು ನನಗೆ ಪರಿಚಯ, ನಾನು ಮಾತಾಡಿಸುತ್ತೇನೆ. ಅವರು ಭಾನುವಾರ ಮಧ್ಯಾಹ್ನ ಎರಡರ ಮೇಲೆ ಮಾತ್ರ ಬಿಡುವಾಗಿರುತ್ತಾರೆ, ಪಕ್ಷದವರು ಆ ಹೊತ್ತಿಗೆ ಬರಲಿ.